ಅಂಚೆ ರೋಸಿಯ ಆರುನೂರ ಹನ್ನೆರಡು ತುಳಿತ

ನಮ್ಮ ಕೆರೆಸೀಮೆಯ ಜಲ್ಲಿ ದಾರಿಗಳಲ್ಲಿ ಸೈಕಲ್ ತುಳಿಯಲು ಬರುವವರೆಲ್ಲ ರೋಸ್ವಿತಾ ಮ್ರೋಸ್ಕಳ ತುಟಿಗಳ ಬಗ್ಗೆ ಒಂದಲ್ಲ ಒಂದು ಕಥೆ ಕಟ್ಟಿಕೊಂಡೇ ಊರಿಗೆ ಮರಳುತ್ತಾರೆ. ಎಪ್ಪತ್ತನಾಲ್ಕು ವರ್ಷದ ಈ ಹೆಂಗಸು ಹಳದಿ ಸೈಕಲ್ಲಿನ ಮೇಲೆ ಗೂಟ ನೆಟ್ಟಂತೆ ಕೂತು ಮಳೆಯಿರಲಿ, ಗಾಳಿಯಿರಲಿ, ಒಂದೇ ವೇಗದಲ್ಲಿ ಬರುತ್ತಾಳೆ. ಇಳಿಜಾರಿನಲ್ಲೂ ತುಳಿಯುವುದನ್ನು ನಿಲ್ಲಿಸುವುದಿಲ್ಲ. ಎದುರು ಬಂದವರು ಕೈಯೆತ್ತಿದರೆ ಉತ್ತರವಿಲ್ಲ. ತುಟಿಗಳು ಮಾತ್ರ ಪಿಟಿಪಿಟಿ ಆಡುತ್ತಲೇ ಇರುತ್ತವೆ. ಅದು ಈ ಸೀಮೆಯ ಮೂಲದವರಾದ ಸೋರ್ಬ್ ಜನರ ಹಳೆಯ ಮಂತ್ರ ಎಂದು ಬರ್ಲಿನ್ನಿನವರು ತೀರ್ಮಾನಿಸಿದರು. ಆ ಮಂತ್ರ ಕಿವಿಗೆ ಬಿದ್ದೊಡನೆ ಮೂರು ತೋಳಗಳು ಬಾಲ ಮುದುರಿ ಪೈನ್ ಕಾಡಿಗೆ ಸರಿದದ್ದನ್ನು ಕಣ್ಣಾರೆ ಕಂಡವನೊಬ್ಬನಿದ್ದಾನೆ; ಅವನು ಅದನ್ನು ಹೇಳಿದಾಗಲೆಲ್ಲ ತೋಳಗಳ ಸಂಖ್ಯೆ ಒಂದು ಹೆಚ್ಚುತ್ತದೆ. ಲೈಪ್ಸಿಗ್‌ನಿಂದ ಬಂದ ಉಸಿರಾಟದ ಗುರುವೊಬ್ಬಳು ಈ ಮುದುಕಿಯ ಗುಟ್ಟನ್ನು ಕಲಿಯಲೇಬೇಕೆಂದು ಮೂರು ದಿನ ಹಿಂದೆ ಬಿದ್ದಳು. ಮೂರನೆಯ ಸಂಜೆ ಎರಡೂ ಮಂಡಿ ಹಿಡಿದುಕೊಂಡು ರೈಲು ಹತ್ತಿದಳು.

ವೋಸ್ನಿಕದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ನನಗೆ ನಿಜ ಗೊತ್ತು. ಹೇಳಿದರೆ ವ್ಯಾಪಾರಕ್ಕೆ ನಷ್ಟ ಎಂದು ಸುಮ್ಮನಿದ್ದೆ, ಅಷ್ಟೆ. ಆಕೆ ಎಣಿಸುತ್ತಾಳೆ. ಬಲಗಾಲು ಒಮ್ಮೆ ಕೆಳಗಿಳಿದು ಮೇಲೆ ಬಂದರೆ ಒಂದು ತುಳಿತ. ಬೇಕರಿಗೆ ನೂರ ಎಪ್ಪತ್ತು. ಕೆರೆಯ ಕಟ್ಟೆಗೆ ನಾನೂರ ಐದು. ಹಲ್ಲಿನ ಡಾಕ್ಟರ ಹತ್ತಿರಕ್ಕೆ ಎರಡು ಸಾವಿರದ ಮೂವತ್ತು, ಮರಳುವಾಗಲೂ ಅಷ್ಟೆ, ಹಲ್ಲು ಮಾತ್ರ ಒಂದು ಕಡಿಮೆ.

ಈ ಎಣಿಕೆಗಾಗಿ ಆ ಸೈಕಲ್ಲು ಪಟ್ಟ ಪಾಡು ನನಗೊಬ್ಬನಿಗೆ ಗೊತ್ತು. ಅದರ ಹಲ್ಲುಚಕ್ರ ಸವೆದು ಬೆಕ್ಕಿನ ಉಗುರಿನಂತಾಗಿದೆ. ಬದಲಿಸೋಣವೆಂದು ಒಮ್ಮೆ ಬಾಯಿ ತಪ್ಪಿ ಹೇಳಿದೆ. ರೋಸಿ ನನ್ನನ್ನು ನೋಡಿದ ನೋಟಕ್ಕೆ ಕೈಯಲ್ಲಿದ್ದ ಸ್ಪ್ಯಾನರ್ ತಾನಾಗಿಯೇ ಕೆಳಗೆ ಬಿತ್ತು.

"ಎಷ್ಟು ಹಲ್ಲು ಅದು?" ಎಂದಳು.

"ನಲವತ್ತಾರು. ಈಗ ಸಿಗೋದು ನಲವತ್ನಾಲ್ಕು, ನಲವತ್ತೆಂಟು. ಎರಡು ಹಲ್ಲಿನ ವ್ಯತ್ಯಾಸ ಏನ್ ಮಹಾ, ರೋಸಿ?"

"ನಿನ್ನ ಬಾಯಿಂದ ಎರಡು ಕೀಳ್ಲಾ? ಆಮೇಲೆ ವ್ಯತ್ಯಾಸ ಹೇಳುವೆಯಂತೆ."

ಟಯರಿನ ಕಥೆಯೂ ಹಾಗೆಯೇ. ಹಳೆಯ ಅಳತೆಯ ಟಯರು ಮಾಡುವ ಕಾರ್ಖಾನೆ ಮುಚ್ಚುವ ವಾರ ಆಕೆ ಹದಿನಾಲ್ಕು ಟಯರು ಕೊಂಡು ನೆಲಮಾಳಿಗೆಯಲ್ಲಿ ಆಲೂಗಡ್ಡೆಯ ಪಕ್ಕದಲ್ಲಿ ಪೇರಿಸಿಟ್ಟಳು. ಟಯರು ಒಂದು ಬೆರಳು ದಪ್ಪವಾದರೂ ತುಳಿತ ಉದ್ದವಾಗುತ್ತದೆ; ತುಳಿತ ಉದ್ದವಾದರೆ ಆರುನೂರ ಹನ್ನೆರಡು ಆರುನೂರ ಹನ್ನೆರಡಾಗಿ ಉಳಿಯುವುದಿಲ್ಲ.

ಆರುನೂರ ಹನ್ನೆರಡು ಎಂದರೆ ಡುಬ್ರಿಂಕ.

ಇಪ್ಪತ್ತರ ಹರೆಯದಲ್ಲಿ ರೋಸಿ ಡುಬ್ರಿಂಕದ ಅಂಚೆಯವಳು. ವೋಸ್ನಿಕದ ಗಂಟೆಗೋಪುರದ ಮಗ್ಗುಲಲ್ಲಿ ಅಂಚೆ ಕಚೇರಿ. ಬೆಳಿಗ್ಗೆ ಏಳಕ್ಕೆ ಗೋಪುರದ ಬಾಗಿಲ ಮುಂದೆ ಸೈಕಲ್ ಹತ್ತಿದರೆ, ಡುಬ್ರಿಂಕದ ಸಹಕಾರಿ ಅಂಗಡಿಯ ಮೆಟ್ಟಿಲಿಗೆ ಸರಿಯಾಗಿ ಆರುನೂರ ಹನ್ನೆರಡು ತುಳಿತ. ರಸ್ತೆ ಹಗ್ಗ ಎಳೆದಷ್ಟು ನೇರ: ಬೆನ್ನಿಗೆ ಗೋಪುರ, ಮೂಗಿನ ನೇರಕ್ಕೆ ಕಲ್ಲಿದ್ದಲು ಕಾರ್ಖಾನೆಯ ಚಿಮಣಿ. ಎರಡೂ ಕಡೆ ಪಿಯರ್ ಮರಗಳ ಸಾಲು. ಮುನ್ನೂರನೆಯ ತುಳಿತಕ್ಕೆ ಹಾಲಿನ ಕ್ಯಾನು ಇಡುವ ಕಟ್ಟೆ, ನಾನೂರ ಎಂಬತ್ತಕ್ಕೆ ಬಾತುಗಳ ಕೊಳ. ಮಂಜು ಕವಿದ ಬೆಳಿಗ್ಗೆ ಮೂಗಿನ ತುದಿ ಕಾಣದಿದ್ದರೂ ಎಣಿಸಿಕೊಂಡು ಹೋಗಿ ಮೆಟ್ಟಿಲಿಗೆ ಚಕ್ರ ಮುಟ್ಟಿಸುತ್ತಿದ್ದಳಂತೆ. ಊರಿನ ಒಂದೇ ಬೀದಿಯ ನಲವತ್ತಮೂರು ಮನೆಗಳಲ್ಲಿ ಯಾರ ಅಡಿಗೆಮನೆಯಲ್ಲಿ ಯಾವ ಹೊತ್ತಿಗೆ ಅಗಸೆ ಎಣ್ಣೆಯ ವಾಸನೆ ಏಳುತ್ತದೆ, ಯಾವ ಹುಡುಗಿಗೆ ಸೈನ್ಯದಿಂದ ಎರಡೆರಡು ಕೈಬರಹದ ಕಾಗದ ಬರುತ್ತದೆ, ಎಲ್ಲವೂ ಆಕೆಗೆ ತಿಳಿದಿತ್ತು. ಹೇಳುತ್ತಿರಲಿಲ್ಲ. ಈಗಲೂ ಹೇಳುವುದಿಲ್ಲ, ಕೇಳಿ ಕೇಳಿ ನಾವು ಸೋತಿದ್ದೇವೆ.

ಸಾವಿರದ ಒಂಬೈನೂರ ಎಪ್ಪತ್ತಮೂರರ ಮಾರ್ಚಿನಲ್ಲಿ ಒಂದು ದಿನ ಚೀಲದಲ್ಲಿ ನಲವತ್ತಮೂರು ಬೂದು ಲಕೋಟೆಗಳು ಇದ್ದವು. ಎಲ್ಲದರಲ್ಲೂ ಒಂದೇ ಮಾತು: ನಿಮ್ಮ ಊರಿನ ಕೆಳಗೆ ಕಲ್ಲಿದ್ದಲಿದೆ, ಮುಂದಿನ ವರ್ಷದೊಳಗೆ ಖಾಲಿ ಮಾಡಿ. ರೋಸಿ ಅವನ್ನು ಮನೆಮನೆಗೆ ಹಾಕಿದಳು. ಮೂವತ್ತೊಂದನೆಯದು ಅವಳದೇ ಮನೆ. ಲಕೋಟೆಯನ್ನು ಪೆಟ್ಟಿಗೆಗೆ ಹಾಕಿ, ಒಳಗೆ ಹೋಗಿ ನೀರು ಕುಡಿದು, ಹೊರಗೆ ಬಂದು, ಪೆಟ್ಟಿಗೆ ತೆರೆದು, ಅದನ್ನು ತೆಗೆದುಕೊಂಡಳು.

"ಕೈಗೇ ಕೊಡಬಾರ್ದಿತ್ತೇನೇ?" ಎಂದರಂತೆ ಅವಳ ಅಮ್ಮ.

"ನಿಯಮ, ಅಮ್ಮ."

ಉಳಿದ ಹನ್ನೆರಡು ಮನೆ ಮುಗಿಸಿ ಬಂದ ಮೇಲೆ ಓದಿದರು.

ಆಮೇಲೆ ಡುಬ್ರಿಂಕದವರು ಹೊಯರ್ಸ್‌ವೆರ್ಡಾ ಪಟ್ಟಣದ ಕಾಂಕ್ರೀಟು ಗೂಡುಗಳಿಗೆ ಹೋದರು. ಬಿಸಿನೀರಿನ ನಲ್ಲಿ ಕಂಡು ಒಂದು ವಾರ ಖುಷಿಪಟ್ಟರು, ಮಿಕ್ಕ ವರ್ಷಗಳೆಲ್ಲ ಪಿಯರ್ ಹಣ್ಣಿನ ಮಾತಾಡಿದರು. ರೋಸಿ ಅಲ್ಲಿ ಮೂವತ್ತಾರು ವರ್ಷ ಐದೈದು ಮಹಡಿ ಹತ್ತಿ ಕಾಗದ ಹಂಚಿ, ನಿವೃತ್ತಳಾಗಿ ವೋಸ್ನಿಕಕ್ಕೆ ಬಂದಳು. ವೋಸ್ನಿಕದ್ದೂ ಅರ್ಧ ಊರನ್ನು ಗಣಿ ತಿಂದಿತ್ತು. ಡುಬ್ರಿಂಕ ಇದ್ದ ಕಡೆ ದೊಡ್ಡ ಗುಂಡಿ, ಗುಂಡಿಯಲ್ಲಿ ನೀರು, ನೀರಿಗೆ ಪ್ರವಾಸೋದ್ಯಮದವರು ಇಟ್ಟ ಹೊಸ ಹೆಸರು, ಅದನ್ನು ನಾವ್ಯಾರೂ ಉಚ್ಚರಿಸುವುದಿಲ್ಲ. ದಂಡೆಗೆ ಹೊಯ್ದ ಮಣ್ಣು ಜಾರುವ ಭಯವಿದೆ ಎಂದು ಆ ಬದಿಗೆ ಬೇಲಿ ಹಾಕಿ ಯಾರನ್ನೂ ಬಿಟ್ಟಿರಲಿಲ್ಲ. ರೋಸಿ ಉಳಿದ ದಾರಿಗಳನ್ನೆಲ್ಲ ಸುತ್ತುತ್ತ, ಎಣಿಸುತ್ತ, ಬೇಲಿ ತೆರೆಯುವ ದಿನಕ್ಕಾಗಿ ಕಾಲನ್ನು ಹದದಲ್ಲಿಟ್ಟುಕೊಂಡು ಕಾದಳು. ಹದಿನಾಲ್ಕು ವರ್ಷ.

ಕಳೆದ ಸೆಪ್ಟೆಂಬರಿನಲ್ಲಿ ಆ ದಿನ ಬಂತು. ಮಣ್ಣು ಗಟ್ಟಿಯಾಯಿತೆಂದು ಪರೀಕ್ಷಿಸಿ, ವೋಸ್ನಿಕದಿಂದ ಕೆರೆಯ ಆಚೆ ತುದಿಯವರೆಗೆ ಹೊಸ ಜಲ್ಲಿ ದಾರಿ ಹಾಕಿದ್ದರು. ಕಾರಿಗೆ, ಮೋಟಾರ್ ಬೈಕಿಗೆ ಪ್ರವೇಶವಿಲ್ಲ. ಸರ್ವೆಯವರು ಬುದ್ಧಿಗೆ ಹೆಚ್ಚು ಕೆಲಸ ಕೊಡದೆ, ಹಿಂದಿನವರಂತೆಯೇ ಗೋಪುರಕ್ಕೂ ಚಿಮಣಿಗೂ ದಾರ ಹಿಡಿದು ಗೆರೆ ಎಳೆದಿದ್ದರು. ಹೀಗಾಗಿ ಹೊಸ ದಾರಿ ಹಳೆಯ ರಸ್ತೆಯ ಗೆರೆಯ ಮೇಲೆಯೇ ಬಿತ್ತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ. ಅದೇ ದಿನ ಡುಬ್ರಿಂಕದ ಹೆಸರು ಕೆತ್ತಿದ ಕಲ್ಲನ್ನು ನಿಲ್ಲಿಸುವುದೆಂದು ಡುಬ್ರಿಂಕದವರ ಸಂಘ ನಿರ್ಧರಿಸಿತು. ಮುಳುಗಿದ, ಅಗೆದುಹೋದ ಊರುಗಳಿಗೆಲ್ಲ ನಮ್ಮಲ್ಲಿ ಹೀಗೊಂದು ಕಲ್ಲು ಇದೆ. ಸಂಘದಲ್ಲಿ ಉಳಿದವರು ಹನ್ನೊಂದು ಮಂದಿ. ಕಲ್ಲು ನಿಲ್ಲಿಸಿ ಸಂಘ ಮುಚ್ಚುವುದು. ಮುಂದಿನ ವರ್ಷಕ್ಕೆ ಎಷ್ಟು ಜನ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಗ್ನಿಶಾಮಕದವರ ಕೊಠಡಿಯಲ್ಲಿ ಕಾಫಿ, ಕೇಕಿನ ಜೊತೆ ಸಭೆ ಸೇರಿತು. ಅಧ್ಯಕ್ಷ ಸೀಗ್ಮಾರ್ ಬುಡಿಶ್. ಎಪ್ಪತ್ತೈದು ವರ್ಷ, ಗಣಿಯಲ್ಲಿ ರಾಟೆ ಮತ್ತು ಉಕ್ಕಿನ ಹಗ್ಗದ ಮೇಸ್ತ್ರಿಯಾಗಿದ್ದವನು, ಬಾಗಿಲಿನಷ್ಟು ಅಗಲದ ಎದೆ, ಅದಕ್ಕೂ ಅಗಲದ ಬಾಯಿ.

"ನೋಡ್ರಪ್ಪ," ಎಂದ, "ಕಲ್ಲು ನೋಡ್ಬೇಕು ಅಂತ ಈ ಭೂಮಿ ಮೇಲೆ ಯಾರೂ ಸೈಕಲ್ ಹತ್ತಲ್ಲ. ಮೂತ್ರಕ್ಕೆ ಇಳೀತಾರೆ. ಇಳಿದೋರು ಐಸ್‌ಕ್ರೀಂ ತಗೋತಾರೆ. ನೆಕ್ತಾ ನೆಕ್ತಾ ಎದುರಿಗಿದ್ದಿದ್ದನ್ನ ಓದ್ತಾರೆ. ಅದಕ್ಕೇ, ದಾರಿ ಪಕ್ಕ ಹೊಸ ಶೌಚಾಲಯ ಕಟ್ಟಿದಾರಲ್ಲ, ಅದರ ಮುಂದೆ ನಿಲ್ಲಿಸೋಣ."

"ಡುಬ್ರಿಂಕ ಅಲ್ಲಿರ್ಲಿಲ್ಲ," ಎಂದಳು ರೋಸಿ.

"ಮತ್ತೆಲ್ಲಿತ್ತು? ತೋರ್ಸು! ಅರವತ್ತು ಮೀಟರ್ ಅಗೆದು, ಕಲ್ಲಿದ್ದಲು ತೆಗೆದು, ಮಣ್ಣು ಮಗುಚಿ ಹಾಕಿದೀವಿ. ನಿಮ್ಮಮ್ಮನ ಸೌತೆಕಾಯಿ ತೋಟ ಈಗ ಯಾವ ದಿಬ್ಬದ ಹೊಟ್ಟೇಲಿದ್ಯೋ!"

"ವಿಳಾಸ ಅಂದ್ರೆ ವಿಳಾಸ, ಸೀಗ್ಮಾರ್. ಪಕ್ಕದ ಮನೆಗೆ ಹಾಕಿ ಬಂದ್ರೆ ಅದು ಅಂಚೆ ಅಲ್ಲ, ಕಸ."

"ನಂಗೆ ಜಾಗದ ಪಾಠ ಹೇಳ್ತೀಯ? ಎಂಬತ್ಮೂರನೇ ಇಸ್ವೀಲಿ ನಾನು..."

"ಗೊತ್ತು!" ಎಂದವು ಒಂಬತ್ತು ಕಂಠಗಳು ಒಟ್ಟಿಗೆ. ರೋಸಿ ಕೋಟು ಎತ್ತಿಕೊಂಡು ಬಾಗಿಲ ಕಡೆ ನಡೆದಾಗಿತ್ತು. 'ಎಂಬತ್ಮೂರನೇ ಇಸ್ವಿ' ಎಂದರೆ ಸೀಗ್ಮಾರನ ಪುರಾಣದ ಪೀಠಿಕೆ. ನಲವತ್ತು ವರ್ಷದಿಂದ ಪ್ರತಿ ಮದುವೆ, ಪ್ರತಿ ತಿಥಿಯೂಟ, ಪ್ರತಿ ಬಿಯರಿನ ಎರಡನೆಯ ಲೋಟಕ್ಕೆ ಅದು ಶುರುವಾಗುತ್ತಿತ್ತು. ಎಷ್ಟು ಸಲ ಶುರುವಾಗಿತ್ತೆಂದರೆ, ಮೊದಲ ಸಾಲಿನಿಂದಾಚೆ ಅದನ್ನು ಕೇಳಿಸಿಕೊಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಕೊನೆಗೆ ತೊಂಬತ್ತೊಂದರ ಹೆಡ್ವಿಗ್ ಅಜ್ಜಿ ಕೇಕಿನ ಚೂರು ನುಂಗಿ ತೀರ್ಪು ಕೊಟ್ಟರು: "ರೋಸಿಗೆ ಶನಿವಾರ ಮಧ್ಯಾಹ್ನ ಹನ್ನೆರಡರ ತನಕ ಟೈಮು. ಜಾಗ ತೋರಿಸಿದ್ರೆ ಅಲ್ಲಿ. ಇಲ್ದಿದ್ರೆ ಶೌಚಾಲಯ. ಇನ್ನೊಂದು ತುಂಡು ಕೊಡಿ."

ಹನ್ನೆರಡು ಗಂಟೆ ಏಕೆಂದರೆ, ಕಲ್ಲು ಹೊತ್ತು ತರುವ ಕ್ರೇನ್ ಲಾರಿಯ ಎನ್ರಿಕೊ ಆಮೇಲೆ ಮಗಳ ಫುಟ್‌ಬಾಲ್ ಪಂದ್ಯಕ್ಕೆ ಹೋಗಬೇಕಿತ್ತು.

ರೋಸಿಯ ಪಕ್ಷಕ್ಕೆ ಒಬ್ಬ ವೀರನೂ ಸೇರಿಕೊಂಡ. ಡ್ರೆಸ್ಡೆನ್ನಿನ ಹಲ್ಲಿನ ಡಾಕ್ಟರು ಫಾಲ್ಕೊ, ಐವತ್ತು ವರ್ಷ, ಒಂದು ಬೆರಳಲ್ಲಿ ಎತ್ತಬಹುದಾದ ದುಬಾರಿ ಜಲ್ಲಿ ದಾರಿಯ ಸೈಕಲ್ಲು, ಅದನ್ನು ಎತ್ತಲಾರದಂಥ ಹೊಟ್ಟೆ. ಪ್ರತಿ ವಾರಾಂತ್ಯ ಐವರು ಗೆಳೆಯರ ಪಡೆ ಕಟ್ಟಿಕೊಂಡು ಬರುತ್ತಾನೆ. "ಫ್ರಾವ್ ಮ್ರೋಸ್ಕ, ಎಣಿಸೋದ್ಯಾಕೆ? ಹಳೇ ನಕ್ಷೆ ಫೋನಿಗೆ ಹಾಕಿದ್ರೆ ಮುಗೀತು," ಎಂದು ಎರಡು ನಕ್ಷೆ ತಂದ. ಒಂದರ ಪ್ರಕಾರ ಡುಬ್ರಿಂಕ ಕೆರೆಯ ನಟ್ಟನಡುವೆ ಇತ್ತು. ಇನ್ನೊಂದರ ಪ್ರಕಾರ ನನ್ನ ಅಂಗಡಿಯ ಹಿತ್ತಲಲ್ಲಿ. ಹಿಂದಿನ ಕಮ್ಯುನಿಸ್ಟ್ ಸರ್ಕಾರ ಜನರ ಕೈಗೆ ಕೊಡುವ ನಕ್ಷೆಗಳನ್ನು ಶತ್ರು ದಾರಿ ತಪ್ಪಲಿ ಎಂದು ಬೇಕೆಂದೇ ಸೊಟ್ಟ ಬರೆಸುತ್ತಿತ್ತು. ಶತ್ರು ಬರಲೇ ಇಲ್ಲ. ದಾರಿ ತಪ್ಪಿದ್ದು ನಾವೇ.

"ನಾನು ತುಳೀತೀನಿ," ಎಂದಳು ರೋಸಿ. "ನೀವು ಮಾತಾಡ್ದೇ ಬನ್ನಿ."

ಶನಿವಾರ ಭಾಷಣಗಳೆಲ್ಲ ಮುಗಿದು ಹನ್ನೊಂದರ ಮೇಲೆ ರಿಬ್ಬನ್ ಕತ್ತರಿಸಿ ಕೈತಟ್ಟುವಷ್ಟರಲ್ಲಿ ರೋಸಿ ಗೋಪುರದ ಬಾಗಿಲಿಗೆ ಹಿಂದಿನ ಚಕ್ರ ತಾಗಿಸಿ ನಿಂತಿದ್ದಳು. ನೀಲಿ ಕೋಟು, ಅದೇ ಕಾಲದ್ದು. ಗುಂಡಿ ಮಾತ್ರ ಎರಡು ಸಲ ಮುಂದಕ್ಕೆ ಹೊಲಿದದ್ದು. ಅವಳ ಹಿಂದೆ ಫಾಲ್ಕೊ, ಅವನ ಹಿಂದೆ ಬಣ್ಣಬಣ್ಣದ ಐವರು, ಎಲ್ಲರ ಹಿಂದೆ ಪಂಪು, ಪ್ಯಾಚಿನ ಡಬ್ಬಿ ಕಟ್ಟಿಕೊಂಡ ನಾನು. ಸಂಘದ ಹತ್ತು ಮಂದಿ ಸೀಗ್ಮಾರನ ನೇತೃತ್ವದಲ್ಲಿ ಎನ್ರಿಕೊನ ಲಾರಿಯ ಬೆನ್ನಿಗೆ ವ್ಯಾನಿನಲ್ಲಿ ಹೊರಟು, ಡಾಂಬರು ರಸ್ತೆಯಿಂದ ಸುತ್ತುಬಳಸಿ ಶೌಚಾಲಯದ ಬಳಿ ಕಾಯುವುದೆಂದಾಗಿತ್ತು.

ಹೊರಟೆವು. ಒಂದು ಸಾಮ್ರಾಜ್ಯ ಗೆಲ್ಲಲು ಹೊರಟ ದಂಡೂ ಅಷ್ಟು ಗಂಭೀರವಾಗಿ ಹೋಗಿರಲಾರದು. ಚಕ್ರದ ಕೆಳಗೆ ಜಲ್ಲಿ ಕಡಲೆ ಹುರಿದಂತೆ ಸದ್ದು ಮಾಡುತ್ತಿತ್ತು. ಎಡಕ್ಕೆ ಸಾಲು ಹಿಡಿದು ನೆಟ್ಟ ಪೈನ್ ಮರಗಳು, ಬಲಕ್ಕೆ ಯಾವ ಮೀನೂ ಬದುಕದ ಚಂದದ ಹಸಿರು ನೀರು, ಮುಂದೆ ಚಿಮಣಿ. ರೋಸಿಯ ಬೆನ್ನು ಅಲುಗಲಿಲ್ಲ. ಪಿಯರ್ ಮರಗಳಿಲ್ಲದ ಕಡೆ ಅವಳು ಪಿಯರ್ ಮರಗಳ ಕೆಳಗೆ ಹೋದಂತೆ ತಲೆ ಸ್ವಲ್ಪ ತಗ್ಗಿಸಿಕೊಂಡೇ ಹೋದಳೆಂದು ನನಗನಿಸಿತು; ಗಾಳಿಗೂ ಇರಬಹುದು.

ಫಾಲ್ಕೊಗೆ ವೈದ್ಯನ ಕಳವಳ. ಪಕ್ಕಕ್ಕೆ ಬಂದು ಪಿಸುಗುಟ್ಟಿದ: "ಫ್ರಾವ್ ಮ್ರೋಸ್ಕ, ನಾಡಿ ಎಷ್ಟು ಹೊಡ್ಕೋತಿದೆ?"

"ಇನ್ನೂರ ಮೂವತ್ತೊಂದು!" ಎಂದು ಗದರಿದಳು ರೋಸಿ.

"ದೇವ್ರೇ! ಇಳೀರಿ, ಕೂಡ್ಲೇ ಇಳೀರಿ!"

"ಇನ್ನೂರ ಮೂವತ್ತೆರಡು!"

ನಾನು ಅವನ ಅಂಗಿ ಹಿಡಿದು ಹಿಂದಕ್ಕೆಳೆದೆ. ಆಮೇಲೆ ಆರುನೂರರವರೆಗೆ ಅವಳ ಹಿಂದೆಯೇ ತುಳಿದೆವು. ಆರುನೂರ ಹತ್ತು. ಹನ್ನೊಂದು. ಹನ್ನೆರಡಕ್ಕೆ ರೋಸಿ ಪೆಡಲನ್ನು ಹಿಂದಕ್ಕೆ ಒತ್ತಿದಳು, ಚಕ್ರ ನಿಂತಿತು.

ಎದುರಿಗೆ ಒಂದು ಬಾಗಿಲು. ಬಾಗಿಲ ಮೇಲೆ ಲಂಗ ತೊಟ್ಟ ಹೆಂಗಸಿನ ಚಿತ್ರ. ಒಳಗಿನಿಂದ ನೀರು ಬಿಟ್ಟ ಸದ್ದು ಬಂತು.

ಅದರ ಹಿಂದೆಯೇ ಸೀಗ್ಮಾರನ ನಗು ಬಂತು. ಅವನು ಐಸ್‌ಕ್ರೀಂ ಗಾಡಿಯ ಪಕ್ಕದಲ್ಲಿ ಬಿಯರ್ ಲೋಟ ಹಿಡಿದು ನಿಂತಿದ್ದ. ನಗು ಕೆಳಹೊಟ್ಟೆಯಿಂದ ಹೊರಟು, ಎದೆ ತುಂಬಿ, ಕಣ್ಣಿನಲ್ಲಿ ನೀರಾಗಿ ಇಳಿಯಿತು.

"ಅಂಚೆ ರೋಸಿ! ಬಾಮ್ಮ, ಬಾ! ಹದಿನಾಲ್ಕು ವರ್ಷ ಎಣಿಸಿ ಎಣಿಸಿ ಎಲ್ಲಿಗೆ ಬಂದೆ? ನಾನು ಹೇಳಿದ್ ಜಾಗಕ್ಕೇ ಬಂದ್ಯಲ್ಲೇ! ಎನ್ರಿಕೊ, ಇಳ್ಸು ಕಲ್ಲು!"

ಹಲ್ಲಿನ ಡಾಕ್ಟರು ನೆಲ ನೋಡಿದ. ನನಗೂ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ರೋಸಿ ಹಿಂದೆ ತಿರುಗಿ ಗೋಪುರ ನೋಡಿದಳು, ಮುಂದೆ ಚಿಮಣಿ ನೋಡಿದಳು, ಶೌಚಾಲಯದ ಬಾಗಿಲು ನೋಡಿದಳು. ತಪ್ಪು ಹುಡುಕಲು ಅವಳಿಗೆ ಸಿಕ್ಕಿದ್ದು ತನ್ನ ಕಾಲುಗಳು ಮಾತ್ರ.

"ಕಾಲು ಮರ್ತುಬಿಡ್ತೇನೋ," ಎಂದಳು ಮೆಲ್ಲಗೆ. "ವಯಸ್ಸಾಯ್ತು."

ಆ ಧ್ವನಿಯಲ್ಲಿ ರೋಸಿ ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಎನ್ರಿಕೊ ಕಲ್ಲನ್ನು ಇಳಿಸಿದ. ಹಿಮಯುಗದ ದುಂಡು ಬಂಡೆ, ಗಣಿಯ ತಳದಿಂದ ಮೇಲೆ ಬಂದದ್ದು, ಇನ್ನೂರ ಎಂಬತ್ತು ಕಿಲೊ. ಸದ್ಯಕ್ಕೆ ದೋಣಿ ಬಾಡಿಗೆಯವರ ಕೈಗಾಡಿಯ ಮೇಲೆ ಕೂರಿಸಿದ. ಗೆದ್ದ ಸೀಗ್ಮಾರ ಈಗ ಕರುಣೆಗೆ ಇಳಿದ. ಗೆದ್ದವರ ಕರುಣೆಯಷ್ಟು ಉದ್ದದ ಮಾತು ಇನ್ನೊಂದಿಲ್ಲ.

"ಬೇಜಾರು ಮಾಡ್ಕೋಬೇಡ, ರೋಸಿ. ನಿಂದು ಕಾಲು, ನಂದು ಕಣ್ಣು. ಕಲ್ಲು, ಕಟ್ಟಡ, ಇವೆಲ್ಲ ನಂಗೆ ಬಿಡು. ಎಂಬತ್ಮೂರನೇ ಇಸ್ವೀಲಿ ನಾನು..."

ಯಾರಿಗೂ "ಗೊತ್ತು" ಎನ್ನುವಷ್ಟು ಚೈತನ್ಯ ಉಳಿದಿರಲಿಲ್ಲ. ಈ ಸಲ ರೋಸಿ ಹೊರಟುಹೋಗದೆ ಹ್ಯಾಂಡಲ್ ಹಿಡಿದು ನಿಂತೇ ಇದ್ದಳು. ಹೀಗೆ ನಲವತ್ತು ವರ್ಷದಲ್ಲಿ ಮೊದಲ ಸಲ ಆ ಪುರಾಣದ ಎರಡನೆಯ ಸಾಲು ಗಾಳಿಗೆ ಬಂತು.

"...ವೋಸ್ನಿಕದ ಗಂಟೆಗೋಪುರವನ್ನೇ ಎತ್ತಿ, ಕಂಬಿ ಮೇಲೆ ಕೂರಿಸಿ, ಇನ್ನೂರ ಮೂರು ಮೀಟರ್ ಎಳೆದೋನು! ಗಂಟೆ ಸಮೇತ! ಗೋಪುರದ ಕಿಟಕೀಲಿ ತುಂಬಿದ ಬಿಯರ್ ಲೋಟ ಇಟ್ಟಿದ್ದೆ. ಒಂದ್ ತೊಟ್ಟು ಚೆಲ್ಲಿರ್ಲಿಲ್ಲ!"

"ಎಷ್ಟು ಮೀಟರ್?" ಎಂದಳು ರೋಸಿ.

"ಇನ್ನೂರ ಮೂರು."

"ಗೋಪುರ?"

"ಗೋಪುರ. ಹನ್ನೊಂದು ದಿನ ಹಿಡೀತು. ಪೇಪರ್ನಲ್ಲೂ..." ಸೀಗ್ಮಾರನ ಬಾಯಿ ತೆರೆದಿದ್ದು ತೆರೆದಂತೆಯೇ ಉಳಿಯಿತು. ತಾನು ಹೇಳಿದ್ದನ್ನು ಅವನೂ ಅದೇ ಮೊದಲ ಸಲ ಕೇಳಿಸಿಕೊಂಡಂತೆ ಕಂಡಿತು.

ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಹೋದ ರೋಸಿ ಮರಳಿದಾಗ ವೋಸ್ನಿಕದಲ್ಲಿ ಅರ್ಧ ಊರು ಇರಲಿಲ್ಲ, ಅಂಚೆ ಕಚೇರಿ ಇರಲಿಲ್ಲ. ಗೋಪುರ ಮಾತ್ರ ಇತ್ತು. ಅಷ್ಟು ದೊಡ್ಡದೊಂದು ಇದ್ದರೆ ಅದು ಇದ್ದಲ್ಲೇ ಇದೆ ಎಂದು ಯಾರಾದರೂ ನಂಬುತ್ತಾರೆ. ಅದು ನಡೆದು ಬಂದದ್ದೆಂದು ನಮಗೆಲ್ಲ ಎಲ್ಲೋ ಗೊತ್ತಿತ್ತು. ಆದರೆ ನಮ್ಮ ಸೀಮೆಯಲ್ಲಿ ನದಿ ಸರಿದಿದೆ, ರೈಲು ಸರಿದಿದೆ, ಸತ್ತವರೂ ಗೋರಿ ಸಮೇತ ಸರಿದಿದ್ದಾರೆ. ಒಂದು ಗೋಪುರವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

"ಯಾವ ಕಡೆಗೆ ಎಳೆದೆ?" ಎಂದಳು ರೋಸಿ.

ಈಗ ನಾವೆಲ್ಲ ಸೀಗ್ಮಾರನನ್ನೇ ನೋಡಿದೆವು. ಅವನು ಏನು ಹೇಳಿದರೂ ನಡೆಯುತ್ತಿತ್ತು. ಕೆರೆ ಕಡೆಗೆ ಎಂದರೆ ಕಲ್ಲು ನೀರೊಳಗೆ. ಪಕ್ಕಕ್ಕೆ ಎಂದರೆ ಗೊಂದಲ. ಮರೆತೆ ಎಂದರೆ ಶೌಚಾಲಯ. ಅವನು ಬಿಯರ್ ಲೋಟ ನೋಡಿದ. ಕಲ್ಲು ನೋಡಿದ. ರೋಸಿಯ ನೀಲಿ ಕೋಟಿನ ಗುಂಡಿಗಳನ್ನು ನೋಡಿದ.

"ಹಿಂದಕ್ಕೆ," ಎಂದ ಕೊನೆಗೆ. "ರಸ್ತೆ ಗುಂಟ. ಗುಂಡಿಯಿಂದ ದೂರ. ನೀನು ಹೊರಟಿದ್ದು ಇನ್ನೂರ ಮೂರು ಮೀಟರ್ ಹಿಂದಿನಿಂದ, ರೋಸಿ. ನಿನ್ ಕಾಲು ಸರಿಯಾಗೇ ಇದೆ. ತಪ್ಪು ನನ್ ಹಗ್ಗದ್ದು."

ಫಾಲ್ಕೊ ಫೋನ್ ತೆಗೆದು ಭಾಗಾಕಾರ ಶುರುಮಾಡುವಷ್ಟರಲ್ಲಿ ರೋಸಿ ಸೈಕಲ್ ಹತ್ತಿಯಾಗಿತ್ತು. "ನಲವತ್ತೆರಡು ತುಳಿತ, ಮೇಲೊಂದು ಚೂರು."

ಆಗ ಹನ್ನೊಂದೂ ನಲವತ್ತು. ಶೌಚಾಲಯದಾಚೆ ದಾರಿಗೆ ಅಡ್ಡ ಮೂರು ಕಂಬ ನೆಟ್ಟಿದ್ದವು, ಲಾರಿ ಹೋಗುವಂತಿಲ್ಲ. "ನಿಯಮ," ಎಂದು ಎನ್ರಿಕೊ ಕೈ ಮೇಲೆತ್ತಿದ. "ಪಂದ್ಯ ಹನ್ನೆರಡೂವರೆಗೆ. ಗ್ಲ್ಯುಕ್ ಔಫ್!" ಎಂದು ಗಣಿಯವರ ಶುಭಹಾರೈಕೆ ಹೇಳಿ ಹೊರಟೇ ಹೋದ.

"ಹೋಗ್ಲಿ ಬಿಡು!" ಗುಡುಗಿದ ಸೀಗ್ಮಾರ. ಅವನ ಎದೆ ಮತ್ತೆ ಬಾಗಿಲಿನಷ್ಟಾಗಿತ್ತು. "ಗೋಪುರ ಎಳೆದೋನಿಗೆ ಇದೊಂದು ಬೆಣಚುಕಲ್ಲು! ಏಯ್ ಡಾಕ್ಟ್ರೆ, ಆ ಹಗ್ಗ ತಗೊಳ್ಳಿ. ನೀವು ಹಸಿರು ಚಡ್ಡಿ, ಎಡಕ್ಕೆ. ಕೆಂಪು ಚಡ್ಡಿ, ಬಲಕ್ಕೆ. ಎಲ್ಲಾ ಒಟ್ಟಿಗೆ ಎಳೀಬೇಕು, ಹಲ್ಲು ಕೀಳೋ ಥರ ಅಲ್ಲ, ಮೆತ್ತಗೆ!"

ಕೈಗಾಡಿ ಕಂಬಗಳ ನಡುವೆ ಒಂದು ಅಂಗುಲ ಬಿಟ್ಟು ನುಸುಳಿತು. ಆರು ಜಲ್ಲಿ ಸವಾರರು ಮುಂದೆ ಎಳೆದರು, ನಾನು ಹಿಂದೆ ನೂಕಿದೆ, ಎಪ್ಪತ್ತು ದಾಟಿದ ಆರು ಮಂದಿ ಕಲ್ಲಿಗೆ ಕೈ ಆನಿಸಿಕೊಂಡು ತಾವೂ ನೂಕುತ್ತಿದ್ದೇವೆಂದು ನಂಬಿದರು. ಉಳಿದವರು ಹೆಡ್ವಿಗ್ ಅಜ್ಜಿಯ ಗಾಲಿಕುರ್ಚಿ ನೂಕಿದರು. ಸೀಗ್ಮಾರ ತುಂಬಿದ ಬಿಯರ್ ಲೋಟವನ್ನು ಕಲ್ಲಿನ ನೆತ್ತಿಯ ಮೇಲಿಟ್ಟು ಪಕ್ಕದಲ್ಲಿ ನಡೆದ. ಮೊದಲ ಹತ್ತು ಮೀಟರಿಗೇ ಅರ್ಧ ಚೆಲ್ಲಿತು.

"ಒಂದ್ ತೊಟ್ಟೂ ಚೆಲ್ಲಿರ್ಲಿಲ್ಲ ಅಂದ್ಯಲ್ಲೋ!" ಎಂದರು ಹೆಡ್ವಿಗ್.

"ಆಗ ನೆಲ ಗಟ್ಟಿ ಇತ್ತು, ಅಜ್ಜಿ. ಬಿಯರೂ ಗಟ್ಟಿ ಇತ್ತು."

ರೋಸಿ ನಿಂತ ಜಾಗದಲ್ಲಿ ನೋಡಲು ಏನೂ ಇರಲಿಲ್ಲ. ಕೆರೆಯೂ ಮರಗಳ ಮರೆಗೆ ಹೋಗಿತ್ತು. ಜಲ್ಲಿ ದಾರಿ, ಮರಳು, ಸಾಲಾಗಿ ನಿಂತ ಪೈನ್, ಅಲ್ಲೊಂದು ಇಲ್ಲೊಂದು ಎಳೆಯ ಬರ್ಚ್ ಮರ. ಪ್ರವಾಸಿಗರು ತಲೆ ಎತ್ತದೆ ದಾಟಿಹೋಗುವಂಥ ಜಾಗ. ಕಲ್ಲನ್ನು ದಾರಿಯ ಎಡಕ್ಕೆ ಇಳಿಸಿದೆವು. ಡುಬ್ರಿಂಕ ಎಂಬ ಅಕ್ಷರಗಳ ಸಂದಿನಲ್ಲಿ ಬಿಯರಿನ ನೊರೆ ಇನ್ನೂ ಇತ್ತು. ಭಾಷಣಕ್ಕೆಂದು ಸೀಗ್ಮಾರ ಬರೆದು ತಂದ ಕಾಗದ ಜೇಬಿನಿಂದ ಹೊರಗೆ ಬರಲಿಲ್ಲ.

ಹೆಡ್ವಿಗ್ ಅಜ್ಜಿ ಮೊದಲು ಬಾಯಿ ಬಿಟ್ಟರು. "ಇದು ಅಂಗಡಿ ಮೆಟ್ಲು ಅಂದ್ರೆ, ನಮ್ಮ ಗೇಟು ಎದುರು ಸಾಲಿನ ಎರಡನೇದು. ನೂಕ್ರೋ ನನ್ನ." ಇಬ್ಬರು ಅವರನ್ನು ಮರಳಿನ ಮೇಲೆ ನೂಕಿಕೊಂಡು ಹೋಗಿ ಎರಡು ಪೈನ್ ಮರಗಳ ನಡುವೆ ನಿಲ್ಲಿಸಿದರು. ಆಮೇಲೆ ಒಬ್ಬೊಬ್ಬರೇ, ಯಾರೂ ಹೇಳದೆ, ದಾರಿಯ ಎರಡೂ ಬದಿಗೆ ಚದುರಿದರು. ಹೆಜ್ಜೆ ಎಣಿಸಿ, ವಾದಿಸಿ, ಹಿಂದೆ ಮುಂದೆ ಸರಿದು, ತಮ್ಮ ತಮ್ಮ ಗೇಟಿನ ಮುಂದೆ ನಿಂತರು. ಸೀಗ್ಮಾರ ಬರ್ಚ್ ಮರಕ್ಕೆ ಒರಗಿದ; ಅಲ್ಲಿ ಅವನ ಅಪ್ಪನ ಮೊಲದ ಗೂಡಿತ್ತಂತೆ.

"ಏ, ಆ ಕಡೆ ಸರಿ, ನನ್ನ ಬೀನ್ಸ್ ತುಳೀತಿದ್ಯ!" ಎಂದು ಒಬ್ಬಾಕೆ ಕೂಗಿದಳು.

"ನಿನ್ನ ಬೀನ್ಸು ಐವತ್ತು ವರ್ಷದಿಂದ ನಮ್ಮ ಬೇಲಿ ದಾಟ್ತಾ ಇದೆ!"

"ಅಡಿಗೆ ಏನೇ ಇವತ್ತು?" ಎಂದು ಆಚೆ ತುದಿಯಿಂದ ಇನ್ನೊಬ್ಬರು.

"ಆಲೂಗಡ್ಡೆ, ಕೆನೆಮೊಸರು, ಅಗಸೆ ಎಣ್ಣೆ. ಬರ್ತೀಯ?"

ಜಲ್ಲಿ ಸವಾರರು ಹೆಲ್ಮೆಟ್ ಕಳಚಿ ಕೈಯಲ್ಲಿ ಹಿಡಿದು, ಪರವೂರಿನ ಬೀದಿಯಲ್ಲಿ ನಿಂತವರಂತೆ ಸಂಕೋಚದಿಂದ ಒಂದು ಪಕ್ಕಕ್ಕೆ ಸರಿದರು. ನಾನೂ ಸರಿದೆ. ಆಗ ಹಳದಿ ಸೈಕಲ್ಲು ಹೊರಟಿತು. ರೋಸಿ ಕಲ್ಲಿನ ಬಳಿಯಿಂದ ಶುರುಮಾಡಿ, ನಿಧಾನವಾಗಿ, ಒಂದೊಂದು ಗೇಟಿನ ಮುಂದೆ ಒಂದು ಕಾಲು ಊರಿ ನಿಂತು, ಬೆಲ್ ಬಾರಿಸಿ, ಮುಂದೆ ಹೋದಳು. ಯಾರೂ ಇಲ್ಲದ ಗೇಟುಗಳ ಮುಂದೆಯೂ ನಿಂತಳು. ಅಂಥವೇ ಹೆಚ್ಚು. ಮೂವತ್ತೊಂದನೆಯದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತಂತೆ ಕಂಡಿತು. ಸರಪಳಿ ನೋಡಿಕೊಂಡಳೋ ಏನೋ. ನಲವತ್ತಮೂರನ್ನೂ ಮುಗಿಸಿ ತಿರುಗಿ ಬಂದಳು. ತುಟಿಗಳು ಅಲುಗುತ್ತಿರಲಿಲ್ಲ.

ಹಲ್ಲಿನ ಡಾಕ್ಟರಿಗೆ ತಡೆಯಲಾಗಲಿಲ್ಲ. ಕಣ್ಣು ಒರೆಸಿಕೊಂಡು ಅವಳ ಹ್ಯಾಂಡಲ್ ಹಿಡಿದ.

"ಫ್ರಾವ್ ಮ್ರೋಸ್ಕ, ಐವತ್ತು ವರ್ಷ ಆದ್ಮೇಲೆ... ಮತ್ತೆ ನಿಮ್ಮದೇ ಬೀದೀಲಿ... ಹೇಗನ್ನಿಸ್ತು?"

ರೋಸಿ ಇಳಿದು ಸೀಟಿನ ಮೇಲಿನ ಧೂಳು ಕೊಡವಿದಳು.

"ಆಗ ಇಲ್ಲಿ ಗುಂಡುಕಲ್ಲು ಹಾಸಿದ್ರು. ಕೂತ್ಕೊಳ್ಳೋ ಜಾಗ ಉರಿದು ಹೋಗ್ತಿತ್ತು. ಈ ಜಲ್ಲಿ ವಾಸಿ."